ವೈಫೈ ಇದೆ, ಕಂಪ್ಯೂಟರಿಗೆ ಕಾಣ್ತಿಲ್ಲ!

ಡಬ್ಬಿ ಮೇಲಿನ ಹೆಸರು ನಂಬಿ ಪೇಚಿಗೆ ಬಿದ್ದ ಅಂಗಡಿ ಮಾಲೀಕರು

ತುಮಕೂರು: ಗೋಡೆ ಮೇಲಿನ ರೂಟರಿನಲ್ಲಿ ಹಸಿರು ದೀಪ ಉರಿಯುತ್ತಿದೆ. ಅಂಗಡಿ ಹುಡುಗನ ಮೊಬೈಲಿನಲ್ಲಿ ನೆಟ್ ಓಡುತ್ತಿದೆ. ಕೌಂಟರ್ ಮೇಲಿನ ಕಂಪ್ಯೂಟರ್ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಕೂತಿದೆ.

ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಎರಡು ದಿನ ಇದೇ ಪಾಡು. ವಿದ್ಯಾರ್ಥಿ ಬಸ್ ಪಾಸಿಗೆ ಅರ್ಜಿ ಹಾಕಬೇಕಾದದ್ದು ಸೇವಾಸಿಂಧುವಿನಲ್ಲಿ. ಹೆಣ್ಣುಮಕ್ಕಳಿಗಾದರೆ 2023ರ ಜೂನ್‌ನಿಂದ 'ಶಕ್ತಿ' ಯೋಜನೆ ಇದೆ. ಹುಡುಗರಿಗೆ ಪಾಸೇ ಗತಿ. ಗುಬ್ಬಿ ಕಡೆಯ ಕಾಲೇಜು ಹುಡುಗ 'ಅಣ್ಣಾ, ಇವತ್ತಾದ್ರೂ ಆಗುತ್ತಾ?' ಅಂದರೆ, 'ನೆಟ್ ಇಲ್ಲ, ನಾಳೆ ಬಾರಪ್ಪ' ಅನ್ನೋದೇ ಉತ್ತರ. ನಾಳೆ ಬರೋಕೂ ಅವನು ಟಿಕೆಟ್ ತಗೋಬೇಕಲ್ಲ!

ಆಗಿದ್ದೇನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ಮಾಲೀಕರು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 11 ಹಾಕಿಸಿದರು. ಹಳೆಯದರ ಜೊತೆ ವೈಫೈ ಡ್ರೈವರೂ ಅಳಿಸಿಹೋಯಿತು.

ಬಸ್ ಎಷ್ಟೇ ಚೆನ್ನಾಗಿರಲಿ, ಡ್ರೈವರ್ ಬರದೆ ಡಿಪೋ ಬಿಡೋಲ್ಲ. ಬೆರಳುದ್ದದ ಯುಎಸ್‌ಬಿ ಅಡಾಪ್ಟರ್ ಕಥೆಯೂ ಅಷ್ಟೆ. ವಿಂಡೋಸ್‌ಗೂ ಅಡಾಪ್ಟರಿಗೂ ನಡುವೆ ಮಾತು ದಾಟಿಸುವ ಚಿಕ್ಕ ತಂತ್ರಾಂಶವೇ ಡ್ರೈವರ್.

ರಿಪೇರಿಗೆ ಬಂದವನು ಡಬ್ಬಿ ಮೇಲಿನ ಹೆಸರು ನೋಡಿ ಒಂದು ಡ್ರೈವರ್ ಹಾಕಿದ. ಆಗಲಿಲ್ಲ. 'ಅಡಾಪ್ಟರ್ ಹೋಗಿದೆ ಸಾರ್, ಎಸ್.ಪಿ. ರೋಡಿಂದ ಹೊಸದು ತರ್ಸಿ' ಅಂತ ಹೇಳಿ ಜಾಗ ಖಾಲಿ ಮಾಡಿದ.

ಹೆಸರು ಒಂದೇ, ಚಿಪ್ ಬೇರೆ

ಅಂಗಡಿಯಲ್ಲಿದ್ದದ್ದು ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯೂಎನ್722ಎನ್. ಇದರ 1ನೇ ಆವೃತ್ತಿಯ ಒಳಗಿರುವುದು ಅಥೆರಾಸ್ ಚಿಪ್. 2ನೇ ಆವೃತ್ತಿಯದು ರಿಯಲ್‌ಟೆಕ್ ಚಿಪ್. ಒಂದರ ಡ್ರೈವರ್ ಇನ್ನೊಂದಕ್ಕೆ ಆಗೋಲ್ಲ.

ಗುಟ್ಟು ಹಿಡಿದದ್ದು ಡಿಪ್ಲೊಮಾ ಓದುವ ಮಾಲೀಕರ ತಂಗಿ ಮಗ. ಡಿವೈಸ್ ಮ್ಯಾನೇಜರ್ ತೆಗೆದ. 'ಅದರ್ ಡಿವೈಸಸ್' ಕೆಳಗೆ ಹಳದಿ ಗುರುತು. 'ಮಾಮ, ಇದು ಸತ್ತಿಲ್ಲ. ಸತ್ತಿದ್ರೆ ಇಲ್ಲಿ ಕಾಣ್ತಾನೇ ಇರ್ಲಿಲ್ಲ' ಅಂದ. ಅದರ ಪ್ರಾಪರ್ಟೀಸ್‌ನಲ್ಲಿ 'ಹಾರ್ಡ್‌ವೇರ್ ಐಡಿ' ನೋಡಿದರೆ 2357, 010ಸಿ. ಅಂದರೆ ರಿಯಲ್‌ಟೆಕ್ ಚಿಪ್ಪಿನ ಮಾಲು. ಅಥೆರಾಸ್ ಆಗಿದ್ದರೆ 0ಸಿಎಫ್3, 9271 ಅಂತ ಇರಬೇಕಿತ್ತು.

ನೆಟ್ ಇಲ್ಲದೆ ಡ್ರೈವರ್ ಇಳಿಸೋದು ಹೇಗೆ? ಹುಡುಗ ತನ್ನ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಸೆಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಒತ್ತಿದ. ಫೋನಿನ ನೆಟ್ ಕಂಪ್ಯೂಟರಿಗೆ ಬಂತು. ತಪ್ಪು ಡ್ರೈವರ್ ತೆಗೆದು, ಕಂಪನಿಯ ಜಾಲತಾಣದಿಂದಲೇ 2ನೇ ಆವೃತ್ತಿಯದನ್ನು ಇಳಿಸಿ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ. ವೈಫೈ ಹೆಸರುಗಳು ಸಾಲಾಗಿ ಬಂದವು. ಹೊಸ ಅಡಾಪ್ಟರಿನ ಖರ್ಚು ಉಳಿಯಿತು.

ನಿಮಗೂ ಹೀಗಾದರೆ

ಅಡಾಪ್ಟರಿನ ಬೆನ್ನ ಮೇಲಿನ ಆವೃತ್ತಿ ನಂಬರು ಮೊದಲು ಓದಿ. ಫೋನಿಗೆ ಕಾಣುವ ವೈಫೈ ಕಂಪ್ಯೂಟರಿಗೆ ಕಾಣದಿದ್ದರೆ ರೂಟರ್ 5 ಗಿಗಾಹರ್ಟ್ಸ್‌ನಲ್ಲಿದೆಯೇ ನೋಡಿ. ಈ ಮಾದರಿಯ ಅಡಾಪ್ಟರಿಗೆ ಸಿಗುವುದು 2.4 ಮಾತ್ರ. ನೆಟ್ ಬಂದು ಬಂದು ಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ 'ಪವರ್ ಮ್ಯಾನೇಜ್‌ಮೆಂಟ್' ತೆಗೆದು, ಕರೆಂಟ್ ಉಳಿಸಲು ಅಡಾಪ್ಟರ್ ಆರಿಸುವ ಟಿಕ್ ಗುರುತು ತೆಗೆಯಿರಿ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ನೋಡಿ. 'ಎಲ್ಲ ಡ್ರೈವರ್ ಪುಕ್ಕಟೆ' ಅನ್ನುವ ಗುರುತಿಲ್ಲದ ತಾಣಗಳ ಸಹವಾಸ ಬೇಡ. ಡ್ರೈವರ್ ಜೊತೆ ವೈರಸ್ಸೂ ಬಂದೀತು.

ಎಲ್ಲಕ್ಕಿಂತ ಮುಖ್ಯ, ಫಾರ್ಮ್ಯಾಟ್‌ಗೆ ಮುಂಚೆ ವೈಫೈ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಇಷ್ಟು ಮಾಡಿದ್ದರೆ ಮಾಲೀಕರ ಎರಡು ದಿನದ ವ್ಯಾಪಾರ ಉಳಿಯುತ್ತಿತ್ತು.

ಗುಬ್ಬಿ ಹುಡುಗನ ಅರ್ಜಿ ಅವತ್ತೇ ಸಂಜೆ ಹೋಯಿತು. ಮನೆಗೆ ಹೋಗೋಕೆ ಮಾತ್ರ ಇನ್ನೊಂದು ಟಿಕೆಟ್ ತಗೊಂಡ.