ಭಕ್ತಿಯೋ? ವ್ಯಾಪಾರವೋ?

ದೇವರನ್ನು ನಂಬುವವರೆಲ್ಲರೂ ಒಂದಲ್ಲ ಒಂದು ಲಾಭವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಂಬುವರೆಂಬ ವಾದವು ವಿದ್ಯಾವಂತರ ಗೋಷ್ಠಿಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಬಡವನು ಹಣಕ್ಕಾಗಿ, ರೋಗಿಯು ಆರೋಗ್ಯಕ್ಕಾಗಿ, ವಿದ್ಯಾರ್ಥಿಯು ಪರೀಕ್ಷೆಗಾಗಿ, ನೌಕರನು ಬಡ್ತಿಗಾಗಿ, ಇವೊಂದೂ ಬೇಡವಾದ ವೃದ್ಧನು ಸ್ವರ್ಗಕ್ಕಾಗಿ ಕೈಮುಗಿಯುವನು. ನಿಷ್ಕಾಮಭಕ್ತಿಯೆಂಬುದು ಪೌರಾಣಿಕರ ಬಾಯಲ್ಲಿ ಮಾತ್ರ ಉಳಿದಿರುವ ವಸ್ತುವೆಂದು ಈ ಮಹನೀಯರ ನಿರ್ಣಯ. ಇದನ್ನು ನಾಸ್ತಿಕವಾದವೆಂದು ಜರೆದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮ ದೇವಾಲಯಗಳ ಬಾಗಿಲಲ್ಲಿ ಅರ್ಧ ಗಳಿಗೆ ನಿಂತು ನೋಡಿದವನಿಗೆ ಈ ವಾದದಲ್ಲಿ ಹುರುಳೇ ಇಲ್ಲವೆಂದು ಹೇಳುವ ಧೈರ್ಯ ಬಾರದು.

ಹರಕೆಯ ಮಾತಿನ ರೀತಿಯನ್ನೇ ನೋಡೋಣ. ಇಂಥ ಕಾರ್ಯವು ಕೈಗೂಡಿದರೆ ಇಷ್ಟನ್ನು ಒಪ್ಪಿಸುವೆನೆಂದು ಭಕ್ತನು ಹೇಳಿಕೊಳ್ಳುವನು. ಆ 'ರೆ' ಎಂಬ ಒಂದಕ್ಷರದಲ್ಲಿ ಕರಾರುಪತ್ರದ ವಾಸನೆಯೆಲ್ಲವೂ ಅಡಗಿದೆ. ಮುಂಗಡವಿಲ್ಲ, ಸರಕು ಕೈಸೇರಿದ ಮೇಲೆ ಹಣ. ತಿರುಮಲೆಯ ಸ್ವಾಮಿಯೇ ತನ್ನ ಮದುವೆಗಾಗಿ ಕುಬೇರನಲ್ಲಿ ಸಾಲಮಾಡಿ, ಅದನ್ನು ಭಕ್ತರ ಕಾಣಿಕೆಯಿಂದ ತೀರಿಸುತ್ತಿರುವನೆಂದು ಸ್ಥಳಪುರಾಣವಿರುವಾಗ, ಲೇವಾದೇವಿಯ ಭಾಷೆಯು ಭಕ್ತರ ನಾಲಗೆಗೆ ಬಂದಿರುವುದು ಆಶ್ಚರ್ಯವೇನೂ ಅಲ್ಲ. ಇನ್ನು ದೇವಸ್ಥಾನಕ್ಕೆ ಒಂದು ವಿದ್ಯುದ್ದೀಪವನ್ನು ದಾನಮಾಡಿ, ಅದರ ಗಾಜಿನ ಮೇಲೆ ತಮ್ಮ ಹೆಸರನ್ನೂ ತಮ್ಮ ತೀರ್ಥರೂಪರ ಹೆಸರನ್ನೂ ಬರೆಯಿಸಿ, ಬಂದ ಬೆಳಕಿನಲ್ಲಿ ಅರ್ಧವನ್ನು ತಾವೇ ತಡೆದಿಟ್ಟುಕೊಳ್ಳುವ ದಾನಿಗಳ ಮಾತನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಆದರೂ ಇಷ್ಟರಿಂದಲೇ ಭಕ್ತಿಯೆಲ್ಲವೂ ಸ್ವಾರ್ಥವೆಂದು ತೀರ್ಪು ಕೊಡುವುದಕ್ಕೆ ನಾವು ಸಿದ್ಧರಿಲ್ಲ. ಬೇಡುವುದು ಬೇರೆ, ಚೌಕಾಸಿ ಮಾಡುವುದು ಬೇರೆ. ಜ್ವರದಿಂದ ಬೇಯುತ್ತಿರುವ ಮಗುವಿನ ತಲೆದೆಸೆಯಲ್ಲಿ ಕುಳಿತು ಮುಡಿಪು ಕಟ್ಟುವ ತಾಯಿಯು ದೇವರೊಡನೆ ವ್ಯಾಪಾರಕ್ಕೆ ಕುಳಿತಿರುವಳೆಂದು ಹೇಳಬಲ್ಲವನ ಎದೆ ಕಲ್ಲೇ ಸರಿ. ತನ್ನ ಕೈಲಾಗದುದನ್ನು ತನಗಿಂತ ದೊಡ್ಡವನೆಂದು ನಂಬಿದವನಲ್ಲಿ ಬೇಡುವುದು ನಂಬಿಕೆಯ ಲಕ್ಷಣವೇ ಹೊರತು ಅದರ ಅಭಾವವಲ್ಲ. ಗೀತೆಯ ಏಳನೆಯ ಅಧ್ಯಾಯದಲ್ಲಿ ಭಗವಂತನು ತನ್ನನ್ನು ಭಜಿಸುವವರನ್ನು ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಜ್ಞಾನಿಗೆ ಅಗ್ರಸ್ಥಾನವನ್ನು ಕೊಟ್ಟರೂ ನಾಲ್ವರನ್ನೂ ಉದಾರರೆಂದೇ ಗಣಿಸಿರುವನು. ಹಣ ಬೇಡಲು ಬಂದವನನ್ನೂ ಬಾಗಿಲಿನಿಂದಾಚೆಗೆ ನೂಕಿಲ್ಲ. ನಮ್ಮ ಖಂಡನಕಾರರು ಈ ವಿಷಯದಲ್ಲಿ ದೇವರಿಗಿಂತಲೂ ಕಟ್ಟುನಿಟ್ಟಾಗಿರುವರೆಂದು ತೋರುತ್ತದೆ.

ಹಾಗಾದರೆ ನಿಜವಾದ ನಂಬಿಕೆಯನ್ನು ಗುರುತಿಸುವುದು ಹೇಗೆ? ಆಸೆಯು ಇದ್ದಿತೋ ಇಲ್ಲವೋ ಎಂದು ಎದೆಯನ್ನು ಬಗೆದು ನೋಡಿ ಪ್ರಯೋಜನವಿಲ್ಲ. ಆಸೆಯು ಭಂಗವಾದ ಮರುದಿನ ಆ ಮನುಷ್ಯನು ಏನು ಮಾಡಿದನೆಂಬುದನ್ನು ನೋಡಬೇಕು. ವನಪರ್ವದಲ್ಲಿ ದ್ರೌಪದಿಯು ಧರ್ಮರಾಯನಿಗೆ ಹಾಕುವ ಸವಾಲು ಇದೇ. ಇಷ್ಟು ಧರ್ಮವನ್ನು ಕಾಪಾಡಿದವನನ್ನು ಧರ್ಮವು ಏಕೆ ಕಾಪಾಡಲಿಲ್ಲವೆಂದು ಆಕೆ ನಿಷ್ಠುರವಾಗಿ ಕೇಳುವಳು. ತಾನು ಫಲವನ್ನೆಣಿಸಿ ಧರ್ಮವನ್ನಾಚರಿಸಲಿಲ್ಲವೆಂದೂ, ಧರ್ಮದಲ್ಲಿ ವ್ಯಾಪಾರ ಮಾಡುವವನು ಕೀಳಾದವನೆಂದೂ ಆತನ ಉತ್ತರದ ಸಾರ. ಈ ಮಾತನ್ನು ಆತನು ಇಂದ್ರಪ್ರಸ್ಥದ ಸಿಂಹಾಸನದಲ್ಲಿ ಕುಳಿತು ಆಡಿದ್ದರೆ ನಾವು ಅದಕ್ಕೆ ಹೆಚ್ಚು ಬೆಲೆ ಕಟ್ಟುತ್ತಿರಲಿಲ್ಲ. ನಾರುಬಟ್ಟೆಯನ್ನುಟ್ಟು ಕಾಡಿನಲ್ಲಿ ಆಡಿದುದರಿಂದ ಅದಕ್ಕೆ ತೂಕ ಬಂದಿದೆ.

ಪುರಾಣದ ಮಾತನ್ನು ಒಪ್ಪದವರಿಗಾಗಿ ಚರಿತ್ರೆಯ ಪ್ರಸಂಗವೊಂದನ್ನು ಹೇಳುವೆವು. ಈ ಪ್ರಶ್ನೆಯು ಒಮ್ಮೆ ಫ್ರಾನ್ಸ್ ದೇಶದ ಆಸ್ಥಾನವನ್ನೇ ಕದಡಿತ್ತು. ಹದಿನಾಲ್ಕನೆಯ ಲೂಯಿಯ ಮೊಮ್ಮಗನಿಗೆ ಗುರುವಾಗಿದ್ದು, 1695ರಲ್ಲಿ ಕ್ಯಾಂಬ್ರೆಯ ಮಹಾಧರ್ಮಾಧ್ಯಕ್ಷನಾದ ಫೆನೆಲೋನನು 1697ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಸ್ವರ್ಗದ ಆಸೆಯೂ ನರಕದ ಭಯವೂ ಸೋಂಕದ ಶುದ್ಧಪ್ರೇಮವು ಸಾಧ್ಯವೆಂದೂ, ಅದೇ ಭಕ್ತಿಯ ಪರಾಕಾಷ್ಠೆಯೆಂದೂ ಅದರ ವಾದ. ಅದೇ ಆಸ್ಥಾನದಲ್ಲಿ ಪ್ರಖ್ಯಾತ ವಾಗ್ಮಿಯಾಗಿದ್ದ ಮೋ ಪಟ್ಟಣದ ಧರ್ಮಾಧ್ಯಕ್ಷ ಬೊಸುಯೆಯು ಇದಕ್ಕೆ ತಿರುಗಿಬಿದ್ದನು. ಸುಖವನ್ನು ಬಯಸುವುದು ಜೀವನ ಸ್ವಭಾವ. ಮೋಕ್ಷದ ಆಸೆಯನ್ನು ಬಿಡೆಂದು ಉಪದೇಶಿಸುವುದು ಧರ್ಮಕ್ಕೇ ಅಪಾಯವೆಂದು ಆತನ ಪಕ್ಷ. ದೊರೆಯು ಬೊಸುಯೆಯ ಕಡೆ ನಿಂತನು. ಫೆನೆಲೋನನಿಗೆ ಕ್ಯಾಂಬ್ರೆಯನ್ನು ಬಿಟ್ಟು ಕದಲಬಾರದೆಂದು ಆಜ್ಞೆಯಾಯಿತು. ರಾಜಗುರುವಿನ ಪದವಿಯೂ ಹೋಯಿತು. ಲೂಯಿಯ ಒತ್ತಾಯವನ್ನು ತಡೆಯಲಾರದೆ ಪೋಪ್ ಹನ್ನೆರಡನೆಯ ಇನ್ನೊಸೆಂಟನು 1699ರ ಮಾರ್ಚಿಯಲ್ಲಿ ಆ ಗ್ರಂಥದ 23 ವಾಕ್ಯಗಳನ್ನು ಖಂಡಿಸಿದನು.

ತರ್ಕದ ಮಟ್ಟಿಗೆ ಹೇಳುವುದಾದರೆ, ಬೊಸುಯೆಯ ಮಾತೇ ಗಟ್ಟಿಯಾದುದೆಂದು ನಮ್ಮ ಅಭಿಪ್ರಾಯ. ಹಸಿದವನಿಗೆ ಹಸಿವೆಯನ್ನು ಮರೆತು ಅನ್ನವನ್ನು ಪ್ರೀತಿಸೆಂದು ಬೋಧಿಸುವುದರಲ್ಲಿ ಅರ್ಥವಿಲ್ಲ. ಆದರೆ ಮುಂದಿನ ಕಥೆಯನ್ನು ನೋಡಿರಿ. ಫೆನೆಲೋನನು ತೀರ್ಪಿಗೆ ಆಗಲೇ ತಲೆಬಾಗಿ, ಅದನ್ನು ತನ್ನ ಜನರಿಗೆ ತಾನೇ ತಿಳಿಸಿದನು. ಆಸ್ಥಾನದ ಬಾಗಿಲು ಮತ್ತೆ ತೆರೆಯಲಿಲ್ಲ. ತಾನು ತಿದ್ದಿ ಬೆಳೆಸಿದ ರಾಜಕುಮಾರನು ಪಟ್ಟಕ್ಕೆ ಬಂದಾನೆಂಬ ಆಸೆಯೂ 1712ರಲ್ಲಿ ಆತನ ಮರಣದಿಂದ ಮಣ್ಣುಗೂಡಿತು. ಇಷ್ಟಾದರೂ ಈ ಮನುಷ್ಯನು ಧರ್ಮಕಾರ್ಯವನ್ನು ಬಿಡಲಿಲ್ಲ. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಯುದ್ಧವು ಅವನ ಸೀಮೆಯ ಮೇಲೆಯೇ ಬಂದಾಗ, ತನ್ನ ಅರಮನೆಯ ಬಾಗಿಲನ್ನು ಗಾಯಗೊಂಡ ಸಿಪಾಯಿಗಳಿಗೂ ಊರು ಬಿಟ್ಟು ಓಡಿಬಂದ ರೈತರಿಗೂ ತೆರೆದಿಟ್ಟನು. 1715ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು. ಗ್ರಂಥದಲ್ಲಿ ಸ್ಥಾಪಿಸಲಾರದೆ ಹೋದುದನ್ನು ಆತನು ಬಾಳಿನಲ್ಲಿ ಸ್ಥಾಪಿಸಿದನೆಂದು ನಾವು ಭಾವಿಸುತ್ತೇವೆ.

ಆತನಿಗೆ ಪರಲೋಕದ ಆಸೆಯಾದರೂ ಇದ್ದೇ ಇದ್ದೀತೆಂದು ಸಂದೇಹವಾದಿಯು ಹೇಳಬಹುದು. ಇದಕ್ಕೆ ನಾವು ಪ್ರತಿಯಾಗಿ ಕೇಳುವುದಿಷ್ಟೆ: ಯಾವ ಸಾಕ್ಷ್ಯವನ್ನು ತಂದರೂ ನೀವು ಒಪ್ಪುವುದಿಲ್ಲವೆಂದ ಮೇಲೆ ಸಾಕ್ಷ್ಯವನ್ನು ಕೇಳುವುದೇಕೆ? ಕೊಟ್ಟವನು ಕೊಟ್ಟ ತೃಪ್ತಿಗಾಗಿ ಕೊಟ್ಟನು, ಸತ್ತವನು ಕೀರ್ತಿಗಾಗಿ ಸತ್ತನು ಎನ್ನುತ್ತ ಹೋದರೆ ಸ್ವಾರ್ಥವೆಂಬ ಪದಕ್ಕೆ ಅರ್ಥವೇ ಉಳಿಯದು. ಕಳ್ಳನಿಗೂ ದಾನಿಗೂ ಒಂದೇ ಹೆಸರಾಗುವುದು.

ದೂರದ ಕ್ಯಾಂಬ್ರೆಯ ಮಾತು ಹಾಗಿರಲಿ. ನಮ್ಮ ಬೆಂಗಳೂರಿನಲ್ಲಿಯೇ ಇಂಥ ಪರೀಕ್ಷೆಯು ನಡೆದಿದೆ. 1898ರ ಆಗಸ್ಟಿನಲ್ಲಿ ಪ್ಲೇಗು ಆ ನಗರವನ್ನು ಹೊಕ್ಕು ಸಾವಿರಾರು ಜನರನ್ನು ನುಂಗಿತು. ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಜನರು ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ಬಳಿಕವೇ. ಪ್ಲೇಗ್ ಮಾರಿಯಮ್ಮನೆಂಬ ಹೊಸ ದೇವತೆಯೂ ಆಗ ನೆಲೆಗೊಂಡಳು. ಭಯದಿಂದ ಹುಟ್ಟಿದ ಪೂಜೆ ಇದು. ಪ್ರಾಣವನ್ನುಳಿಸಿಕೊಳ್ಳುವ ಆಸೆಯೇ ಇದರ ಮೂಲವೆಂಬುದರಲ್ಲಿ ಸಂದೇಹವಿಲ್ಲ. ಹರಕೆ ಹೊತ್ತವರೆಲ್ಲರ ಮನೆಯಲ್ಲೂ ರೋಗಿಗಳು ಬದುಕಿರಲಾರರು. ಕರಾರು ಮಾತ್ರವೇ ಆಗಿದ್ದರೆ, ಅದು ಮುರಿದ ದಿನವೇ ಗುಡಿಯ ಬಾಗಿಲು ಮುಚ್ಚಬೇಕಾಗಿತ್ತು. ಪ್ಲೇಗು ಅಡಗಿ ತಲೆಮಾರುಗಳೇ ಕಳೆದರೂ ಆ ತಾಯಿಗೆ ದೀಪ ಹಚ್ಚುವವರು ಇಂದಿಗೂ ಇರುವರು. ಅವರೆಲ್ಲರೂ ನಿಷ್ಕಾಮಿಗಳೆಂದು ನಾವು ಹೇಳುವುದಿಲ್ಲ. ಹೊಸ ಆಸೆಗಳನ್ನು ಹೊತ್ತು ತರುವವರು ಬೇಕಾದಷ್ಟಿರುವರು. ಆದರೆ ಲಾಭವೊಂದೇ ಆ ದೀಪವನ್ನು ಇಷ್ಟು ಕಾಲ ಉರಿಸಿತೆಂದು ನಂಬುವುದು ನಮಗೆ ಕಷ್ಟ.

ನಮ್ಮ ಆಕ್ಷೇಪಣೆಯಿರುವುದು ಬೇರೊಂದು ವರ್ಗದವರ ಮೇಲೆ. ಕಚೇರಿಯಲ್ಲಿ ಕುಳಿತು ಬಡವನ ಅರ್ಜಿಗೆ ಬೆಲೆ ಕಟ್ಟಿ, ಆ ಹಣದಲ್ಲಿ ಒಂದು ಪಾಲನ್ನು ಹುಂಡಿಗೆ ಹಾಕಿ, ಉಳಿದ ಪಾಲು ಶುದ್ಧವಾಯಿತೆಂದು ತಿಳಿಯುವ ಅಧಿಕಾರಿ. ತೂಕದಲ್ಲಿ ಮೋಸಮಾಡಿದ ಹಣದಿಂದ ಉತ್ಸವಮೂರ್ತಿಗೆ ಬೆಳ್ಳಿಯ ಕವಚವನ್ನು ಮಾಡಿಸುವ ವರ್ತಕ. ಇವರು ದೇವರಲ್ಲಿ ಬೇಡುತ್ತಿಲ್ಲ, ದೇವರನ್ನು ತಮ್ಮ ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಿರುವರು. ಅರ್ಥಾರ್ಥಿಯೆಂಬ ಹೆಸರೂ ಇವರಿಗೆ ಸಲ್ಲದು. ಮುಡಿಪಿನ ಕಾಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಾಯಿಯನ್ನು ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಇವರಿಗೆ ಪೂರ್ಣಕುಂಭ ಹಿಡಿದು ಗರ್ಭಗುಡಿಯವರೆಗೆ ಕರೆದೊಯ್ಯುವ ಪದ್ಧತಿಯು ಇನ್ನೂ ಅನೇಕ ದೇವಾಲಯಗಳಲ್ಲಿ ನಡೆದಿದೆ. ಧರ್ಮದರ್ಶಿಗಳು ಬರುವ ಜಾತ್ರೆಗೆ ಮುಂಚೆಯಾದರೂ ಇದನ್ನು ನಿಲ್ಲಿಸುವರೇ?