ಗೋಷ್ಠಿಗಳಿಗೆ ಬಣ್ಣ ಹಚ್ಚುವ ಲೆಕ್ಕ

ವಿಜ್ಞಾನ ಸಮ್ಮೇಳನವೆಂದರೆ ಪ್ರಬಂಧ ಓದುವವರು, ಕೇಳುವವರು, ನಡುವೆ ಊಟ, ಕೊನೆಗೆ ವಂದನಾರ್ಪಣೆ, ಇಷ್ಟೇ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುವರು. ಸಮ್ಮೇಳನದ ದಿನ ಕೈಗೆ ಬರುವ ಕಾರ್ಯಕ್ರಮ ಪಟ್ಟಿಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಆದರೆ ಆ ಒಂದು ಹಾಳೆಯನ್ನು ಸಿದ್ಧಪಡಿಸಲು ನಾಲ್ಕಾರು ಮಂದಿ ವಾರಗಟ್ಟಲೆ ಮೇಜಿನ ಸುತ್ತ ಕುಳಿತು, ಬರೆದು ಅಳಿಸಿ, ಅಳಿಸಿ ಬರೆದು, ಒಮ್ಮೊಮ್ಮೆ ಜಗಳವನ್ನೂ ಆಡಿರುತ್ತಾರೆ. ಅದರ ಹಿಂದೆ ಗಣಿತದ ಒಂದು ಕಠಿಣ ಸಮಸ್ಯೆ ಅಡಗಿದೆ ಎಂಬುದು ನಮಗೂ ತಡವಾಗಿಯೇ ತಿಳಿಯಿತು.

ಕೆಲವು ವರ್ಷಗಳ ಹಿಂದೆ ನಾವು ಸದಸ್ಯರಾಗಿರುವ ಒಂದು ಅಧ್ಯಾಪಕರ ಸಂಘದ ವಾರ್ಷಿಕ ಸಮ್ಮೇಳನವು ರಾಯಚೂರಿನಲ್ಲಿ ನಡೆಯಿತು. ಪ್ರೌಢಶಾಲೆಯ ಮಕ್ಕಳೂ ತಮ್ಮ ಪ್ರಯೋಗಗಳ ವರದಿಯನ್ನು ಓದಲೆಂದು ಒಂದು ಗೋಷ್ಠಿಯನ್ನು ಏರ್ಪಡಿಸಿದ್ದೆವು. ದೇವದುರ್ಗದ ಕಡೆಯಿಂದ ಬಂದಿದ್ದ ಮೂವರು ಹುಡುಗಿಯರು ಮಣ್ಣಿನ ಗಡಿಗೆಯ ನೀರು ಎಷ್ಟು ತಣ್ಣಗಾಗುತ್ತದೆಂಬುದನ್ನು ದಿನಕ್ಕೆ ಮೂರು ಬಾರಿ ಅಳೆದು, ದೊಡ್ಡ ಕಾಗದದ ಮೇಲೆ ನಕ್ಷೆ ಬರೆದು ತಂದಿದ್ದರು. ಅವರ ಗೋಷ್ಠಿ ಪಟ್ಟಿಯಲ್ಲಿ ಕೊನೆಯದು. ಹಿಂದಿನ ಗೋಷ್ಠಿಗಳೆಲ್ಲ ಲಂಬಿಸಿದವು. ಐದು ಗಂಟೆಯಾದರೂ ಕರೆ ಬರಲಿಲ್ಲ. ಕತ್ತಲಾಗುವ ಮೊದಲು ಮಕ್ಕಳನ್ನು ಮನೆ ಸೇರಿಸಬೇಕಾದ ಅಧ್ಯಾಪಕಿ ಗಡಿಯಾರ ನೋಡಿ ಎದ್ದರು. ಸುತ್ತಿದ ಕಾಗದವನ್ನು ಬಿಚ್ಚದೆಯೇ ಆ ಹುಡುಗಿಯರು ಬಸ್ಸು ಹತ್ತಿದರು. ಪಟ್ಟಿ ಸಿದ್ಧಪಡಿಸಿದವರಲ್ಲಿ ನಾವೂ ಒಬ್ಬರು.

ತಪ್ಪು ಎಲ್ಲಿ? ಭಾಷಣಕಾರರು ಮಾತು ಬೆಳೆಸಿದರು ಎನ್ನುವುದು ಸುಲಭ. ಎಂಟು ಮಂದಿ ತಲಾ ಮೂರು ನಿಮಿಷ ಹೆಚ್ಚು ತೆಗೆದುಕೊಂಡರೆ 24 ನಿಮಿಷ ಹೋಯಿತು. ಸ್ವಾಗತ ಭಾಷಣದ ಲೆಕ್ಕ ಬೇರೆ, ಅದನ್ನು ಯಾವ ಗಣಿತವೂ ಹಿಡಿದಿಡಲಾರದು. ಆದರೆ ನಿಜವಾದ ತಪ್ಪು ಪಟ್ಟಿಯಲ್ಲಿಯೇ ಇತ್ತು.

ಸಮ್ಮೇಳನ ಚಿಕ್ಕದಾಗಿದ್ದರೆ ಈ ತೊಡಕೇ ಇಲ್ಲ. 1914ರ ಜನವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಾಗ ಸೇರಿದ್ದವರು 105 ವಿಜ್ಞಾನಿಗಳು, ಓದಿದ ಪ್ರಬಂಧಗಳು 35. ಅಧ್ಯಕ್ಷರು ಸರ್ ಅಶುತೋಷ್ ಮುಖರ್ಜಿಯವರು. ಸಿಮನ್‌ಸನ್ ಮತ್ತು ಮ್ಯಾಕ್‌ಮಹನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಇದಕ್ಕೆ ಮೂಲ ಪ್ರೇರಕರು. 1831ರಲ್ಲಿ ಯಾರ್ಕ್ ನಗರದಲ್ಲಿ ಆರಂಭವಾದ ಬ್ರಿಟಿಷ್ ಅಸೋಸಿಯೇಷನ್ನಿನ ಮಾದರಿ ಅವರ ಕಣ್ಣ ಮುಂದಿತ್ತು. ಮೊದಲ ಸಲವೇ ಪ್ರಬಂಧಗಳನ್ನು ಆರು ವಿಭಾಗಗಳಾಗಿ ಹಂಚಿದ್ದರು. ಬೆಂಗಳೂರಿನಲ್ಲಿ 1917ರಲ್ಲಿಯೇ ಒಂದು ಅಧಿವೇಶನ ನಡೆಯಿತು. 1951ರಲ್ಲಿ ಅದೇ ನಗರದಲ್ಲಿ ಹೋಮಿ ಭಾಭಾ ಅಧ್ಯಕ್ಷರಾಗಿದ್ದರು. 2016ರಲ್ಲಿ ಮೈಸೂರಿನಲ್ಲಿ 103ನೆಯ ಅಧಿವೇಶನ ಸೇರುವ ಹೊತ್ತಿಗೆ ವಿಭಾಗಗಳು 14 ಆಗಿದ್ದವು. ನಮ್ಮ ರಾಯಚೂರೇನೂ ದೊಡ್ಡ ಸಮ್ಮೇಳನಗಳಿಗೆ ಹೊಸದಲ್ಲ. ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ 1934ರಲ್ಲಿ, ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 2016ರ ಡಿಸೆಂಬರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಈ ಊರು ಕಂಡಿದೆ. ವಿಷಯಗಳು ಬೆಳೆದಂತೆ ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆ ಗೋಷ್ಠಿ ನಡೆಸುವುದು ಅನಿವಾರ್ಯವಾಗುತ್ತದೆ. ಆಗ ಒಬ್ಬರೇ ಎರಡು ಕಡೆ ಬೇಕಾಗುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ.

ನಮ್ಮ ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗೋಷ್ಠಿಗಳು ಏಳು: ಭೌತವಿಜ್ಞಾನ, ಖಗೋಳ, ಅಧ್ಯಾಪನ ವಿಧಾನ, ವಿದ್ಯಾರ್ಥಿ ಪ್ರಬಂಧ, ರಸಾಯನ, ಕೃಷಿ, ನೀರು. ವಾಚಕರು ಒಂದು ಹಾಳೆಯ ಮೇಲೆ ಇವಕ್ಕಾಗಿ ಏಳು ಬಿಂದುಗಳನ್ನು ಇಡಲಿ. ಯಾವ ಎರಡು ಗೋಷ್ಠಿಗಳಲ್ಲಿ ಒಬ್ಬರೇ ವ್ಯಕ್ತಿ ಇರಲೇಬೇಕೋ ಆ ಎರಡು ಬಿಂದುಗಳ ನಡುವೆ ಒಂದು ಗೆರೆ ಎಳೆಯಲಿ. ಭೌತವಿಜ್ಞಾನ, ಖಗೋಳ, ಅಧ್ಯಾಪನ ಈ ಮೂರಕ್ಕೂ ನಮ್ಮಲ್ಲಿ ಅವರೇ ನಾಲ್ವರು ಮಾತನಾಡುವವರು. ಆದುದರಿಂದ ಈ ಮೂರರ ನಡುವೆ ತ್ರಿಕೋನವಾಯಿತು. ಮಣ್ಣು ನೀರುಗಳ ರಸಾಯನವನ್ನು ಬಲ್ಲವರು ಇಬ್ಬರೇ ಇರುವುದರಿಂದ ರಸಾಯನ, ಕೃಷಿ, ನೀರು ಇವು ಇನ್ನೊಂದು ತ್ರಿಕೋನ. ವಿದ್ಯಾರ್ಥಿ ಪ್ರಬಂಧಗಳಿಗೆ ತೀರ್ಪುಗಾರರಾಗಿ ಭೌತವಿಜ್ಞಾನ, ಖಗೋಳ, ರಸಾಯನ ಗೋಷ್ಠಿಗಳ ಅಧ್ಯಕ್ಷರು ಬೇಕು. ಅಲ್ಲದೆ ಮಕ್ಕಳನ್ನು ಕರೆತರುವ ಅಧ್ಯಾಪಕರೇ ಅಧ್ಯಾಪನ ಗೋಷ್ಠಿಯಲ್ಲಿ ಪ್ರಬಂಧ ಓದುವವರು. ಆದುದರಿಂದ ಆ ಬಿಂದುವಿನಿಂದ ನಾಲ್ಕು ಗೆರೆಗಳು ಹೊರಡುತ್ತವೆ.

ಗಣಿತಜ್ಞರು ಇಂಥ ಚಿತ್ರವನ್ನು ಗ್ರಾಫ್ ಎನ್ನುತ್ತಾರೆ. ಈಗ ಪ್ರತಿಯೊಂದು ಬಿಂದುವಿಗೂ ಒಂದು ಬಣ್ಣ ಹಚ್ಚಬೇಕು. ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರಕೂಡದು. ಒಂದೊಂದು ಬಣ್ಣವೂ ಒಂದೊಂದು ಅವಧಿ ಎಂದು ತಿಳಿದರೆ, ಬಣ್ಣ ಹಚ್ಚಿ ಮುಗಿದಾಗ ವೇಳಾಪಟ್ಟಿಯೂ ಮುಗಿದಂತೆ! ನೆರೆಹೊರೆಯ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬರುವಂತೆ ಭೂಪಟಕ್ಕೆ ಬಣ್ಣ ಹಚ್ಚಲು ನಾಲ್ಕೇ ಬಣ್ಣ ಸಾಕೆ ಎಂದು 1852ರಲ್ಲಿ ಫ್ರಾನ್ಸಿಸ್ ಗಥ್ರಿ ಎಂಬ ಯುವಕನು ಕೇಳಿದ ಪ್ರಶ್ನೆಯ ಸಂತಾನವಿದು. ಸಾಕೆಂದು ಸಿದ್ಧವಾದುದು 1976ರಲ್ಲಿ, ಅಪೆಲ್ ಮತ್ತು ಹಾಕನ್ ಎಂಬವರು ಗಣಕಯಂತ್ರದ ನೆರವು ಪಡೆದಾಗ. ಭೂಪಟದಂತೆ ಸಮತಲದ ಮೇಲೆ ಹರಡಲಾಗದ ಗ್ರಾಫ್‌ಗಳಿಗೆ ಮಾತ್ರ ಇಂಥ ಭರವಸೆ ಯಾವುದೂ ಇಲ್ಲ.

ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸಬಾರದೆ? ಏಳು ಗೋಷ್ಠಿ, ನಾಲ್ಕು ಅವಧಿ ಎಂದರೆ 16,384 ಬಗೆ. ಯಂತ್ರಕ್ಕೆ ಇದು ಕ್ಷಣದ ಕೆಲಸ. ಆದರೆ ಇಪ್ಪತ್ತು ಗೋಷ್ಠಿ, ಆರು ಅವಧಿ ಎಂದಾಗ ಆರನ್ನು ಇಪ್ಪತ್ತು ಸಲ ಗುಣಿಸಬೇಕು. ಸೆಕೆಂಡಿಗೆ ಹತ್ತು ಲಕ್ಷ ಪಟ್ಟಿಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಅಷ್ಟನ್ನು ಮುಗಿಸಲು ಸುಮಾರು 116 ವರ್ಷ ಹಿಡಿಯುತ್ತದೆ. ಯಾವುದೇ ಗ್ರಾಫ್‌ಗೆ ಅತಿ ಕಡಿಮೆ ಬಣ್ಣಗಳೆಷ್ಟೆಂಬುದನ್ನು ಬೇಗ ಕಂಡುಹಿಡಿಯುವ ಸಾಮಾನ್ಯ ವಿಧಾನ ಇಂದಿಗೂ ದೊರೆತಿಲ್ಲ.

ಆದರೂ ಕೆಲಸ ನಡೆಯಬೇಕಲ್ಲ! ವೆಲ್ಷ್ ಮತ್ತು ಪೊವೆಲ್ ಎಂಬವರು 1967ರಲ್ಲಿ, ವೇಳಾಪಟ್ಟಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು, ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಅತಿ ಹೆಚ್ಚು ಗೆರೆಗಳಿರುವ ಬಿಂದುವನ್ನು ಮೊದಲು ಬರೆದು, ಉಳಿದವನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮೊದಲನೆಯದಕ್ಕೆ ಒಂದು ಬಣ್ಣ ಕೊಟ್ಟು, ಪಟ್ಟಿಯಲ್ಲಿ ಕೆಳಗಿಳಿಯುತ್ತ, ಆ ಬಣ್ಣದ ಯಾವ ಬಿಂದುವಿಗೂ ಗೆರೆಯಿಲ್ಲದವಕ್ಕೆ ಅದೇ ಬಣ್ಣವನ್ನು ಕೊಡಬೇಕು. ಆಮೇಲೆ ಉಳಿದವುಗಳಲ್ಲಿ ಮೇಲಿನದಕ್ಕೆ ಹೊಸ ಬಣ್ಣ. ಯಾವಾಗಲೂ ಅತ್ಯುತ್ತಮ ಉತ್ತರ ಸಿಕ್ಕೀತೆಂದಲ್ಲ, ಆದರೆ ಬಹುಮಟ್ಟಿಗೆ ಒಳ್ಳೆಯದೇ ಸಿಗುತ್ತದೆ.

ಈ ಉಪಾಯವನ್ನು ನಮ್ಮ ಏಳು ಬಿಂದುಗಳಿಗೆ ಹಚ್ಚಿ ನೋಡಿ. ನಾಲ್ಕು ಗೆರೆಗಳಿರುವ ವಿದ್ಯಾರ್ಥಿ ಪ್ರಬಂಧವೇ ಮೊದಲನೆಯದು! ನಾವು ಹಿಂದಿನ ವರ್ಷ ಅದನ್ನು ಎಲ್ಲಕ್ಕಿಂತ ಕೊನೆಗೆ, ಉಳಿದ ಜಾಗದಲ್ಲಿ ತುರುಕಿದ್ದೆವು. ಅತ್ಯಂತ ಬಿಗಿಯಾದುದನ್ನು ಮೊದಲು ಕೂರಿಸಬೇಕೆಂಬುದು ಚೀಲ ತುಂಬುವ ಪ್ರತಿಯೊಬ್ಬರಿಗೂ ಗೊತ್ತು. ಅಧ್ಯಾಪಕರಿಗೆ ಮಾತ್ರ ಗೊತ್ತಿರಲಿಲ್ಲ. ಲೆಕ್ಕ ಮುಗಿದಾಗ ಹೀಗಾಯಿತು: ವಿದ್ಯಾರ್ಥಿ ಪ್ರಬಂಧದೊಡನೆ ಕೃಷಿ, ಭೌತವಿಜ್ಞಾನದೊಡನೆ ರಸಾಯನ, ಖಗೋಳದೊಡನೆ ನೀರು, ಅಧ್ಯಾಪನ ಒಂಟಿ. ನಾಲ್ಕು ಬಣ್ಣ, ನಾಲ್ಕು ಅವಧಿ. ಭೌತವಿಜ್ಞಾನ, ಖಗೋಳ, ಅಧ್ಯಾಪನ, ವಿದ್ಯಾರ್ಥಿ ಪ್ರಬಂಧ ಈ ನಾಲ್ಕೂ ಪರಸ್ಪರ ಗೆರೆಗಳಿಂದ ಸೇರಿರುವುದರಿಂದ ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಒಂದು ಹೊತ್ತಿಗೆ ಎರಡು ಕೊಠಡಿ ಸಾಕು, ನಮ್ಮಲ್ಲಿದ್ದುದೂ ಎರಡೇ.

ಬಣ್ಣಗಳಿಗೆ ಹಿಂದುಮುಂದಿಲ್ಲ. ಯಾವುದು ಬೆಳಗಿನ ಅವಧಿ, ಯಾವುದು ಸಂಜೆಯದು ಎಂಬುದನ್ನು ಗ್ರಾಫ್ ಹೇಳದು, ಬಸ್ಸು ಹೇಳುತ್ತದೆ. ದೇವದುರ್ಗವೂ ಮಾನ್ವಿಯೂ ರಾಯಚೂರಿನಿಂದ ಹೆಚ್ಚುಕಡಿಮೆ 50 ಕಿಲೋಮೀಟರು. ಒಂದು ಕೃಷ್ಣೆಯ ಕಡೆಗೆ, ಇನ್ನೊಂದು ತುಂಗಭದ್ರೆಯ ಕಡೆಗೆ. ಒಳಗಿನ ಹಳ್ಳಿಯ ಮಗು ಮೊದಲು ತಾಲ್ಲೂಕು ಕೇಂದ್ರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಬರಬೇಕು. ಹತ್ತು ಗಂಟೆಗೆ ತಲುಪುವುದು ಕಷ್ಟ, ಐದರವರೆಗೆ ನಿಲ್ಲುವುದು ಇನ್ನೂ ಕಷ್ಟ. ಆದುದರಿಂದ ವಿದ್ಯಾರ್ಥಿ ಪ್ರಬಂಧ ಎರಡನೆಯ ಅವಧಿಗೆ, ಅವರ ಅಧ್ಯಾಪಕರ ಗೋಷ್ಠಿ ಮೂರನೆಯದಕ್ಕೆ ನಿಂತವು. ಮೊದಲನೆಯದು ಭೌತವಿಜ್ಞಾನ ಮತ್ತು ರಸಾಯನಕ್ಕೆ. ಕೊನೆಯದು ಖಗೋಳ ಮತ್ತು ನೀರಿಗೆ.

ಇಷ್ಟಾದ ಮೇಲೂ ಒಂದು ಕೊರತೆ ಉಳಿಯಿತು. ಖಗೋಳ ಗೋಷ್ಠಿಯ ನಂತರ ಕತ್ತಲಲ್ಲಿ ದೂರದರ್ಶಕದಿಂದ ಆಕಾಶ ತೋರಿಸುವುದು ನಮ್ಮ ರೂಢಿ. ದೂರದ ಮಕ್ಕಳು ಆ ಹೊತ್ತಿಗೆ ದಾರಿಯಲ್ಲಿರುತ್ತಾರೆ. ದೂರದರ್ಶಕವನ್ನೇ ಎಂದೂ ಕಂಡಿಲ್ಲದವರಿಗೆ ಅದು ತಪ್ಪಿ, ರಾಯಚೂರಿನ ಮನೆಗಳಿಂದ ನಡೆದು ಬರುವವರಿಗೆ ಮಾತ್ರ ದೊರೆಯುವುದು ನ್ಯಾಯವೆ? ಗೆರೆ ಬಣ್ಣಗಳ ಲೆಕ್ಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪಂಚಾಂಗದಲ್ಲಿ ಇತ್ತು.

ಚಂದ್ರನು ಪ್ರತಿದಿನವೂ ಸರಾಸರಿ 50 ನಿಮಿಷ ತಡವಾಗಿ ಉದಯಿಸುತ್ತಾನೆ. ಹುಣ್ಣಿಮೆಯಂದು ಅವನು ಮೂಡುವುದು ಸೂರ್ಯ ಮುಳುಗುವ ಹೊತ್ತಿಗೆ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗಳ ಸುಮಾರಿಗಾದರೋ ನಡುಹಗಲಿನಲ್ಲಿ. ಮಧ್ಯಾಹ್ನ ಮೂರೂವರೆಗೆ ಅವನು ಪೂರ್ವದಲ್ಲಿ, ದಿಗಂತಕ್ಕೂ ನೆತ್ತಿಗೂ ಸುಮಾರು ನಡುವೆ, ನೀಲಿಯಲ್ಲಿ ತೇಲುವ ಅರ್ಧ ಬಿಳಿ ಬಿಲ್ಲೆಯಂತೆ ಇರುತ್ತಾನೆ. ನೋಡುವವರು ಕಡಿಮೆ, ಅಷ್ಟೆ. ಸೂರ್ಯನು ಅವನಿಂದ 90 ಅಂಶ ದೂರದಲ್ಲಿ, ಪಶ್ಚಿಮಕ್ಕೆ ಇರುವುದರಿಂದ, ಕಟ್ಟಡದ ನೆರಳಿನಲ್ಲಿ ದೂರದರ್ಶಕವನ್ನು ನಿಲ್ಲಿಸಿದರೆ ಕಣ್ಣಿಗೆ ಅಪಾಯವೂ ಇಲ್ಲ. ಬೆಳಕು ಕತ್ತಲೆಗಳ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬೀಳುವ ದಿನಗಳೂ ಇವೇ.

ಆ ಬಳಿಕ ನಾವು ಡಿಸೆಂಬರಿನ ಭಾನುವಾರಗಳಲ್ಲಿ ಅಷ್ಟಮಿಗೆ ಹತ್ತಿರವಾದುದನ್ನು ಹುಡುಕಿ ಸಮ್ಮೇಳನದ ದಿನವನ್ನು ಗೊತ್ತು ಮಾಡಿದೆವು. ಮೂರನೆಯ ಅವಧಿ ಮೂರೂವರೆಗೆ ಮುಗಿಯಿತು. ಅಧ್ಯಕ್ಷರ ಮೇಜಿನ ಮೇಲೆ ಈ ಸಲ ಒಂದು ಗಂಟೆಯನ್ನೂ ಇಟ್ಟಿದ್ದೆವು. ದೇವದುರ್ಗ ಮತ್ತು ಮಾನ್ವಿಯ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತರು. ಗಡಿಗೆಯ ನಕ್ಷೆಯನ್ನು ಬೆಳಿಗ್ಗೆ ಓದಿ ಮುಗಿಸಿದ್ದ ಹುಡುಗಿಯೊಬ್ಬಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, “ಸರ್, ಅಲ್ಲಿ ಗಾಳಿ ಇಲ್ಲಲ್ರಿ, ಗಡಿಗಿ ಇಟ್ರ ನೀರು ತಣ್ಣಗಾಗ್ತಾವೇನ್ರಿ?” ಎಂದು ಕೇಳಿದಳು. ಉತ್ತರ ಹೇಳಲು ನಮಗೆ ತುಸು ಹೊತ್ತು ಬೇಕಾಯಿತು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.