ಹಂಪಿ ದಾರಿಯ ಲಂಬಾಣಿ ಕಸೂತಿ

ಹೊಸಪೇಟೆಯಿಂದ ಅನಂತಶಯನಗುಡಿ ದಾಟಿ ಹಂಪಿಯ ಕಡೆ ಹೊರಟರೆ ನಡುವೆ ಕಡ್ಡಿರಾಂಪುರ ಸಿಗುತ್ತದೆ. ಇಲ್ಲಿ ಇಳಿಯುವವರು ಕಡಿಮೆ. ಬಾಳೆ, ಕಬ್ಬಿನ ತೋಟಗಳು ಸರಿದು, ಗುಮ್ಮಟ ಹೊತ್ತ ಹಳೆಯ ಗೋರಿಗಳು ಕಂಡು, ಒಂದಿಷ್ಟು ಮನೆ, ಅಂಗಡಿ ಹಿಂದೆ ಬಿದ್ದರೆ ಊರು ಮುಗಿಯಿತು. ಮುಂದೆ ವಿರೂಪಾಕ್ಷನ ಗೋಪುರ ಕಾಯುತ್ತಿರುತ್ತದೆ, ಯಾರಿಗೆ ತಾನೆ ಇಲ್ಲಿ ನಿಲ್ಲುವಷ್ಟು ಪುರುಸೊತ್ತು? ವಿಜಯನಗರದ ಅರಸರ ಪಡೆಯಲ್ಲಿ ಮುಸ್ಲಿಂ ಸರದಾರರೂ ಸವಾರರೂ ಇದ್ದ ಕಾಲವನ್ನು ನೆನಪಿಸುವ ಆ ಗೋರಿಗಳನ್ನು ನೋಡಲಿಕ್ಕೂ ನಿಲ್ಲುವವರು ವಿರಳ.

ಆದರೆ ಒಂದು ಪಟ್ಟಿಯಲ್ಲಿ ಈ ಊರಿನ ಹೆಸರು ಇದೆ. ಸಂಡೂರು ಲಂಬಾಣಿ ಕಸೂತಿಯನ್ನು ಕೇಂದ್ರ ಸರ್ಕಾರ ಪರಿಚಯಿಸಿದಾಗ ಆ ಕೆಲಸ ನಡೆಯುವ ಊರುಗಳೆಂದು ಸಂಡೂರು, ಮರಿಯಮ್ಮನಹಳ್ಳಿ, ಸೀತಾರಾಂ ತಾಂಡಾ, ಕಮಲಾಪುರಗಳ ಜೊತೆ ಕಡ್ಡಿರಾಂಪುರವನ್ನೂ ಹೆಸರಿಸಿತು. ಇಲ್ಲಿನ ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸಕ್ಕೆ ಸಂದ ಮನ್ನಣೆ ಅದು.

ಅದು 2023ರ ಮಾತು. ಆ ವರ್ಷದ ಜುಲೈ 9ರಿಂದ 12ರವರೆಗೆ ಜಿ–20 ದೇಶಗಳ ಸಂಸ್ಕೃತಿ ಕಾರ್ಯತಂಡದ ಮೂರನೇ ಸಭೆ ಹಂಪಿಯಲ್ಲಿ ನಡೆಯಿತು. ಮೊದಲ ಎರಡು ಸಭೆ ಖಜುರಾಹೊ ಮತ್ತು ಭುವನೇಶ್ವರದಲ್ಲಿ ಆಗಿದ್ದವು. ಅದರ ಬೆನ್ನಿಗೇ ಆ ದೇಶಗಳ ನಾಯಕರ ಪ್ರತಿನಿಧಿಗಳಾದ ಶೆರ್ಪಾಗಳ ಸಭೆಯೂ ಇಲ್ಲೇ ಸೇರಿತು. ದೇಶವಿದೇಶದ ಅತಿಥಿಗಳು ಬರುತ್ತಾರೆಂದ ಮೇಲೆ ಸುತ್ತಲಿನ ರಸ್ತೆಗಳ ದುರಸ್ತಿ, ಬದಿಗಳ ಸ್ವಚ್ಛತೆ, ದೀಪ, ಬಣ್ಣ ಎಲ್ಲ ಚುರುಕಾದವು. ಅದೇ ಹೊತ್ತಿಗೆ ಲಂಬಾಣಿಗರ ವಸತಿಗಳಾದ ತಾಂಡಾಗಳ ಜಗಲಿಗಳಲ್ಲಿ ಇನ್ನೊಂದು ತಯಾರಿ ನಡೆದಿತ್ತು. ರಸ್ತೆಗೆ ಜಲ್ಲಿ, ಡಾಂಬರು, ರೋಲರು ಬೇಕಾಯಿತು. ಕಸೂತಿಯ ಈ ತಯಾರಿಗೆ ಬೇಕಾದದ್ದು ಸೂಜಿ, ದಾರ, ಬಟ್ಟೆಯ ಚೂರು ಮತ್ತು ಹಗಲಿನ ಬೆಳಕು. 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಸೇರಿ ದುಡಿದರು. ಜುಲೈ 10ರಂದು ಹಂಪಿಯ ಎದುರು ಬಸವಣ್ಣನ ಆವರಣದಲ್ಲಿ ಅವರು ಮಾಡಿದ 1755 ವಸ್ತುಗಳನ್ನು ಒಟ್ಟಿಗೆ ಹರವಿದಾಗ, ಲಂಬಾಣಿ ಕಲೆಯ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಗಿನ್ನೆಸ್ ದಾಖಲೆಯಾಯಿತು.

ದಾಖಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದರ ಹಿಂದಿನ ಕೆಲಸದ ವಿವರ ಅಷ್ಟಾಗಿ ಬರಲಿಲ್ಲ. ಈ ಬರಹಕ್ಕೆ ಕಾರಣ ಅದೇ.

ಲಂಬಾಣಿ ಕಸೂತಿಯ ಮೊದಲ ಗುಣ, ಅದು ಯಾವುದನ್ನೂ ಬಿಸಾಡುವುದಿಲ್ಲ. ಹರಿದ ಬಟ್ಟೆಯ ಗಟ್ಟಿ ಭಾಗಗಳನ್ನು ಕತ್ತರಿಸಿ, ಚೌಕ, ಮುಕ್ಕೋನಗಳಾಗಿ ಜೋಡಿಸಿ, ಪದರದ ಮೇಲೆ ಪದರವಿಟ್ಟು ಹೊಲಿದರೆ ಹೊಸ ಬಟ್ಟೆಯೇ ಹುಟ್ಟುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊದ್ದು ಮಲಗಿದವರಿಗೆ ಇದು ಹೊಸತಲ್ಲ. ಲಂಬಾಣಿಗರು ಆ ಜೋಡಣೆಯ ಮೇಲೆ ಇನ್ನಷ್ಟು ಕೆಲಸ ಹೂಡುತ್ತಾರೆ: ಕೆಂಪು, ಹಳದಿ, ಹಸಿರು, ನೀಲಿ ದಾರದ ಹೊಲಿಗೆ, ಕನ್ನಡಿ ಚೂರು, ಕವಡೆ, ಹಳೆಯ ನಾಣ್ಯ, ಮಣಿ, ಅಂಚಿಗೆ ಉಣ್ಣೆಯ ಕುಚ್ಚು. ಕನ್ನಡಿಗೆ ತೂತು ಕೊರೆಯುವುದಿಲ್ಲ, ಅಂಟೂ ಹಚ್ಚುವುದಿಲ್ಲ. ಚೂರಿನ ಮೇಲೆ ಅಡ್ಡ ಉದ್ದ ದಾರ ಹಾಯಿಸಿ ಮೊದಲು ಅದನ್ನು ಕಟ್ಟಿಹಾಕಿ, ಆ ದಾರಗಳನ್ನು ಸುತ್ತಲೂ ಒತ್ತಾದ ಹೊಲಿಗೆಯಿಂದ ಹೊರಕ್ಕೆ ಎಳೆದರೆ ಕನ್ನಡಿಗೆ ದಾರದ ಚೌಕಟ್ಟು ಕೂರುತ್ತದೆ. ಬಟ್ಟೆ ಹಳೆಯದಾದರೂ ಕನ್ನಡಿ ಸುಲಭಕ್ಕೆ ಕಳಚುವುದಿಲ್ಲ.

ನಮ್ಮಲ್ಲಿ ಕಸೂತಿ ಎಂದೊಡನೆ ನೆನಪಾಗುವುದು ಧಾರವಾಡದ ಕಸೂತಿ. ಅದರಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆ. ಸಂಡೂರು ಭಾಗದ ಲಂಬಾಣಿ ಕಸೂತಿಯಲ್ಲಿ ಹೆಸರಿರುವ ಹೊಲಿಗೆಗಳೇ 14. ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾಂಸ್, ತೇರಾ ದೋರಾ, ಕೌಡಿ, ರೇಲೊ, ಗಾದ್ರಿ, ಭೂರಿಯಾ, ಪೋಟೆ, ಜೋಲ್ಯಾ, ನಾಕ್ರಾ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸ್ವಭಾವದ ವ್ಯತ್ಯಾಸ ಕಾಣುತ್ತದೆ. ಧಾರವಾಡದ ಸೀರೆಯ ಸೆರಗಿನಲ್ಲಿ ಗೋಪುರ, ತುಳಸಿಕಟ್ಟೆ, ಆನೆ, ತೇರು ಸಾಲುಗಟ್ಟುತ್ತವೆ. ಅದು ಒಂದು ಕಡೆ ನೆಲೆ ನಿಂತವರ ಚಿತ್ರಲೋಕ. ಲಂಬಾಣಿ ಬಟ್ಟೆಯಲ್ಲಿ ಹೆಚ್ಚಾಗಿ ಚೌಕ, ವಜ್ರಾಕೃತಿ, ಮುಕ್ಕೋನ, ಚಕ್ರ. ಯಾವ ಊರಿನ ಗುಡಿಯೂ ಅದರಲ್ಲಿಲ್ಲ. ಊರೂರು ತಿರುಗಿದ ಜನ ತಮ್ಮೊಡನೆ ಒಯ್ಯಬಹುದಾದ ಆಕಾರಗಳನ್ನಷ್ಟೇ ಉಳಿಸಿಕೊಂಡರೆಂದು ನನಗೆ ತೋರುತ್ತದೆ.

ಈ ಕೆಲಸ ಮೊದಲು ಮಾರಾಟಕ್ಕೆ ಹುಟ್ಟಿದ್ದಲ್ಲ. ಪೇಟಿಯಾ ಎಂಬ ನೆರಿಗೆ ಲಂಗ, ಬೆನ್ನು ತೆರೆದ ಕಾಂಚಳಿ, ತಲೆಯ ಮೇಲಿನ ಛಾಂಟಿಯಾ, ಕೊಡದ ಕೆಳಗಿಡುವ ಸಿಂಬಿ, ಎತ್ತಿನ ಜೂಲು, ಎಲೆ ಅಡಿಕೆಯ ಚೀಲ, ಮದುಮಗಳು ಗಂಡನ ಮನೆಗೆ ಒಯ್ಯುವ ಬಟ್ಟೆಬರೆ, ಇವೆಲ್ಲ ಕಸೂತಿಯ ನೆಲೆಗಳು. ಯಾಡಿಯ, ಅಂದರೆ ತಾಯಿಯ, ಪಕ್ಕ ಕೂತ ಮಗಳು ನೋಡಿ ನೋಡಿಯೇ ಕಲಿಯುತ್ತಿದ್ದಳು. ಪುಸ್ತಕವಿಲ್ಲ, ಬರೆದಿಟ್ಟ ನಕ್ಷೆಯಿಲ್ಲ, ಬಟ್ಟೆಯ ಹಾಸುಹೊಕ್ಕಿನ ಎಳೆಗಳೇ ಅಳತೆ.

ಅದನ್ನು ಜೀವನೋಪಾಯಕ್ಕೆ ಒದಗುವ ವೃತ್ತಿಯಾಗಿ ಕಟ್ಟಿದ್ದು ಸಂಡೂರು ಕುಶಲ ಕಲಾ ಕೇಂದ್ರ. ಸಂಡೂರಿನ ಘೋರ್ಪಡೆ ಮನೆತನದ ಆಸ್ಥೆಯಿಂದ 1980ರ ದಶಕದಲ್ಲಿ ಶುರುವಾದ ಸಂಸ್ಥೆ ಇದು. ಆ ಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು. ಗಣಿಯ ನಾಡಾದ ಸಂಡೂರಿನಲ್ಲಿ ಮಣ್ಣು ಅಗೆಯುವುದನ್ನು ಬಿಟ್ಟು ಬೇರೆ ದುಡಿಮೆ ಹೆಣ್ಣುಮಕ್ಕಳಿಗೆ ಸಿಗಬೇಕೆಂಬುದು ದೊಡ್ಡ ಮಾತು. ಕೇಂದ್ರದಲ್ಲಿ ಬಟ್ಟೆ, ದಾರ, ವಿನ್ಯಾಸ ಸಿದ್ಧವಾಗುತ್ತವೆ. ಹೆಣ್ಣುಮಕ್ಕಳು ಅಲ್ಲಿಯೇ ಕೂತೂ ಹೊಲಿಯಬಹುದು, ಮನೆಗೆ ಒಯ್ದೂ ಹೊಲಿಯಬಹುದು. ಈ ಎರಡನೆಯ ಅವಕಾಶ ಇರದಿದ್ದರೆ ಕೂಸು, ಕುರಿ, ಹೊಲ ಬಿಟ್ಟು ಬರಲಾಗದ ಎಷ್ಟೋ ಮಂದಿ ಸೂಜಿ ಕೆಳಗಿಟ್ಟುಬಿಡುತ್ತಿದ್ದರು. ಲಂಗ, ಕಾಂಚಳಿಗಳ ಮೇಲಿದ್ದ ಹೊಲಿಗೆ ಈಗ ಕುರ್ತಾ, ದುಪ್ಪಟ, ದಿಂಬಿನ ಚೀಲ, ಕೈಚೀಲಗಳ ಮೇಲೆ ಬಂದಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಯುನೆಸ್ಕೊದ ಕರಕುಶಲ ಪುರಸ್ಕಾರವೂ ಕುಶಲ ಕಲಾ ಕೇಂದ್ರಕ್ಕೆ ಸಂದಿದೆ.

ಕೊಳ್ಳುವವರ ರುಚಿಗೆ ಬಣ್ಣ ತಗ್ಗಿಸಬೇಕಾಗುತ್ತದೆ, ಕನ್ನಡಿ ಕಡಿಮೆ ಮಾಡಬೇಕಾಗುತ್ತದೆ ಎಂಬ ಆಕ್ಷೇಪ ಇಂಥ ಎಲ್ಲ ಸಂಸ್ಥೆಗಳ ಬಗ್ಗೆಯೂ ಕೇಳಿಬರುತ್ತದೆ. ಆ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೂ ಬೆರಳಿಗೆ ಹೊಲಿಗೆಯ ನೆನಪು ಉಳಿಯಬೇಕಾದರೆ ಕೈಗೆ ಕೆಲಸ ಇರಬೇಕು. ಪೆಟ್ಟಿಗೆಯಲ್ಲಿಟ್ಟ ಅಜ್ಜಿಯ ಪೇಟಿಯಾ ಒಂದೇ ಮೊಮ್ಮಗಳಿಗೆ ಮಾಕಿ ಹೊಲಿಗೆ ಕಲಿಸಲಾರದು.

ರಸ್ತೆಗೂ ಈ ಹೊಲಿಗೆಯ ಜನಕ್ಕೂ ಇರುವ ನಂಟು ಬಲು ಹಳೆಯದು. ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ದೇಶದ ಉದ್ದಗಲ ಸಾಗಿಸಿದವರು. 17ನೇ ಶತಮಾನದಲ್ಲಿ ಇಲ್ಲಿ ಸಂಚರಿಸಿದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಎದುರಾದರೆ ಎದುರಿನವರು ದಾರಿ ಬಿಟ್ಟು ದಿನಗಟ್ಟಲೆ ಕಾಯಬೇಕಾಗಿತ್ತೆಂದು ಬರೆದಿದ್ದಾನೆ. ಮೊಗಲರ ದಂಡಿಗೂ, 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ದಂಡಿಗೂ ಧಾನ್ಯ ಒದಗಿಸಿದ್ದು ಇವರ ಎತ್ತುಗಳೇ. ಆಮೇಲೆ ರೈಲು ಬಂತು, ಸಡಕುಗಳು ಬಂದವು. ಎತ್ತಿನ ಹೇರಿಗೆ ಬೆಲೆ ಉಳಿಯಲಿಲ್ಲ. ದುಡಿಮೆ ಕಳೆದುಕೊಂಡು ಅಲೆಯುವ ಜನರನ್ನು ಸಂಶಯದಿಂದ ನೋಡಲು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ದಾರಿ ಮಾಡಿಕೊಟ್ಟಿತು. ಹಲವು ಕಡೆ ಬಂಜಾರರೆಂದೂ ಕರೆಸಿಕೊಳ್ಳುವ ಲಂಬಾಣಿಗರಿಗೂ ಆ ಕಳಂಕ ತಗುಲಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಕರ್ನಾಟಕದಲ್ಲಿ ಇಂದು ಲಂಬಾಣಿಗರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ.

ಹೀಗೆ ಹೆದ್ದಾರಿಯೇ ಬದುಕಾಗಿದ್ದ ಜನ ರಸ್ತೆಯ ಅಂಚಿಗೆ ಬಂದು ಕೂತರು. ಅಂಚಿನಲ್ಲಿ ಕೂತವರಿಗೆ ಪ್ರತಿಯೊಂದು ಕಾಮಗಾರಿಯೂ ಒಂದು ಆತಂಕ: ಅಗಲ ಮಾಡುವ ಗೆರೆ ಎಲ್ಲಿಗೆ ಬರುತ್ತದೆ, ಜಗಲಿ ಉಳಿಯುತ್ತದೆಯೇ, ನೆರಳಿನ ಮರ ಉಳಿಯುತ್ತದೆಯೇ? ಕಡ್ಡಿರಾಂಪುರಕ್ಕೆ ಈ ಆತಂಕದ ಇನ್ನೊಂದು ಮುಖವೂ ಗೊತ್ತು. 2011ರ ಜುಲೈ 29ರಂದು ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ವಾಸವಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ತೆರವು ಮಾಡಲಾಯಿತು. ಸ್ಮಾರಕಗಳು ಉಳಿಯಬೇಕೆಂಬುದು ಅದರ ಉದ್ದೇಶ. ತೆರವಾದವರಿಗೆ ನಿವೇಶನ ತೋರಿಸಿದ್ದು ಕಡ್ಡಿರಾಂಪುರದಲ್ಲಿ. ಬದುಕನ್ನು ಒಂದೇ ದಿನದಲ್ಲಿ ಬುಲ್ಡೋಜರಿಗೆ ಒಪ್ಪಿಸಿ ಬಂದವರು ಹೊಸ ಜಾಗದಲ್ಲಿ ನೀರು, ದೀಪಕ್ಕಾಗಿ ವರ್ಷಗಟ್ಟಲೆ ಕಾದರು. ಅದೇ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ನೆಲ, ಕಾಡು ಉಳಿಯಲು ಆ ಆದೇಶ ಬೇಕೇ ಬೇಕಿತ್ತು. ಆದರೆ ಗಣಿ ಕೂಲಿಯನ್ನೇ ನಂಬಿದ್ದ ಮನೆಗಳ ಒಲೆಯ ಪ್ರಶ್ನೆ ಬೇರೆ. ಒಂದೇ ದಿನ ಹಂಪಿಯವರಿಗೆ ಮನೆ ಹೋಯಿತು, ಸಂಡೂರಿನವರಿಗೆ ಕೂಲಿ ಹೋಯಿತು. ಇಂಥ ಹೊತ್ತಿನಲ್ಲಿ ಮನೆಯೊಳಗೇ ಕೂತು ಮಾಡಬಹುದಾದ ಸೂಜಿಯ ಕೆಲಸ ಎಷ್ಟು ದೊಡ್ಡ ಆಸರೆಯೆಂದು ಊಹಿಸಿಕೊಳ್ಳಬಹುದು.

ತಾಂಡಾದವರಿಗೆ ತಮ್ಮದೇ ಆದ ದೊಡ್ಡ ಕೂಟವೊಂದಿದೆ, ಅದಕ್ಕೆ ಯಾವ ಗಿನ್ನೆಸ್ ಪತ್ರವೂ ಬೇಕಿಲ್ಲ. ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅವರು ಹುಟ್ಟಿದ್ದು 1739ರ ಫೆಬ್ರುವರಿ 15ರಂದು ಎಂಬುದು ಸಮುದಾಯದ ನಂಬಿಕೆ. ಪ್ರತಿವರ್ಷ ಜಯಂತಿಯ ದಿನಗಳಲ್ಲಿ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಬಂಜಾರರು ಅಲ್ಲಿ ಸೇರುತ್ತಾರೆ. ಮಾಲೆ ಧರಿಸಿದವರು ಪಾದಯಾತ್ರೆಯಲ್ಲಿ ಬರುತ್ತಾರೆ. ನಗಾರಿಯ ಸದ್ದಿಗೆ ಹೆಣ್ಣುಮಕ್ಕಳು ವೃತ್ತ ಕಟ್ಟಿ ಕುಣಿಯುತ್ತಾರೆ. ದಿನನಿತ್ಯ ಸೀರೆ, ಚೂಡಿದಾರ ಉಡುವ ಹುಡುಗಿಯರೂ ಅಂದು ಅಜ್ಜಿಯ ಪೇಟಿಯಾ ತೊಟ್ಟು ಬರುವುದುಂಟು. ತೀಜ್ ಹಬ್ಬಕ್ಕೆ ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸುವಾಗಲೂ, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಮೇರಾ ಹಾಡುತ್ತ ಹೋಗುವಾಗಲೂ ಅಷ್ಟೇ. ಹಬ್ಬ ಹತ್ತಿರವಾದಂತೆ ಕಳಚಿದ ಕುಚ್ಚು ಕಟ್ಟಬೇಕು, ಬಿದ್ದ ಕವಡೆ ಹೊಲಿಯಬೇಕು, ಬಣ್ಣಗೆಟ್ಟ ಪಟ್ಟಿ ಬದಲಾಯಿಸಬೇಕು. ತಮಗಾಗಿಯೇ ಮಾಡಿಕೊಳ್ಳುವ ಈ ರಿಪೇರಿಯಲ್ಲಿ ಕಸೂತಿ ಹೆಚ್ಚು ಜೀವಂತವಾಗಿದೆ ಎಂದು ನಾನು ನಂಬುತ್ತೇನೆ. ಎದುರು ಬಸವಣ್ಣನ ಆವರಣದ ಪ್ರದರ್ಶನ ದೇಶದ ಕಣ್ಣನ್ನು ಇತ್ತ ತಿರುಗಿಸಿತು. ಹೊಲಿಗೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ಮಾತ್ರ ತಾಂಡಾದ ಹಬ್ಬಗಳು ಮತ್ತು ತಿಂಗಳು ತಿಂಗಳು ಕೈಗೆ ಬರುವ ಕೂಲಿ.

ನೆಲದ ವಿಷಯದಲ್ಲೂ ಸ್ವಲ್ಪ ಚಲನೆ ಆಗಿದೆ. ರಾಜ್ಯದಲ್ಲಿ ತಾಂಡಾ ಅಭಿವೃದ್ಧಿ ನಿಗಮ ಕೆಲಸ ಮಾಡುತ್ತಿದೆ. ಅನೇಕ ತಾಂಡಾಗಳು ಕಂದಾಯ ಗ್ರಾಮಗಳಾಗಿವೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಸಮ್ಮುಖದಲ್ಲಿ 50 ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ ನಡೆಯಿತು. ಕೂತ ಜಾಗ ತನ್ನದು ಎಂಬ ಕಾಗದ ಕೈಗೆ ಬಂದರೆ ರಸ್ತೆ ಅಗಲವಾಗುವ ಸುದ್ದಿಗೆ ಎದೆ ಅಷ್ಟು ನಡುಗುವುದಿಲ್ಲ.

ಹಂಪಿಯ ದಾರಿಗೆ ಇನ್ನೂ ಎಷ್ಟೋ ಕಾಮಗಾರಿಗಳು ಬರಲಿವೆ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸ್ಥಳಕ್ಕೆ ಜನ ಬರುವುದು ನಿಲ್ಲುವುದಿಲ್ಲ. ಆ ಯೋಜನೆಗಳನ್ನು ಹಾಕುವವರಲ್ಲಿ ಒಂದು ಕೋರಿಕೆ: ವಾಹನ ನಿಲುಗಡೆ, ಶೌಚಾಲಯ, ಫಲಕಗಳ ನಕ್ಷೆಯಲ್ಲಿ ಕಡ್ಡಿರಾಂಪುರದ ಹತ್ತಿರ ನೆರಳಿರುವ ಒಂದು ಮಾರಾಟದ ಕಟ್ಟೆಯೂ ಇರಲಿ, ಅಲ್ಲಿ ಹೊಲಿದವಳೇ ಕೂತು ತನ್ನ ಬೆಲೆ ತಾನೇ ಹೇಳುವಂತಾಗಲಿ.

ಕೊಳ್ಳುವವರು ಮಾಡಬಹುದಾದದ್ದೂ ಇದೆ. ಹಂಪಿಯಲ್ಲಿ ಕನ್ನಡಿ ಹಚ್ಚಿದ ಚೀಲ ಕಣ್ಣಿಗೆ ಬಿದ್ದರೆ ಮೊದಲು ಅದರ ಒಳಭಾಗ ತಿರುಗಿಸಿ ನೋಡಿ. ಯಂತ್ರದ ಹೊಲಿಗೆಯಾದರೆ ಹಿಂಬದಿಯಲ್ಲಿ ಒಂದೇ ತೆರನಾದ ಸಾಲು ಕಾಣುತ್ತದೆ, ಕನ್ನಡಿಗೆ ಅಂಟು ಹಚ್ಚಿರುತ್ತಾರೆ. ಕೈಹೊಲಿಗೆಯಾದರೆ ದಾರ ಶುರುವಾದ ಗಂಟು, ತಿರುಗಿದ ಜಾಗ, ಮುಗಿದ ತುದಿ ಎಲ್ಲ ಗೊತ್ತಾಗುತ್ತದೆ. ಅಂಥದ್ದು ಸಿಕ್ಕರೆ ಚೌಕಾಶಿ ಮಾಡಬೇಡಿ. ಹೊಸಪೇಟೆಯಿಂದ ಸಂಡೂರಿಗೆ ಗಂಟೆಯೊಳಗಿನ ದಾರಿ, ಬೆಟ್ಟಗಳ ನಡುವೆ ಹಾದು ಹೋಗುತ್ತದೆ. ಹಂಪಿಗೆಂದು ಬಂದವರು ಒಂದು ಬೆಳಗ್ಗೆ ಅತ್ತ ಹೊರಳಿದರೆ ಕುಶಲ ಕಲಾ ಕೇಂದ್ರದಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುವುದನ್ನು ಎದುರಿಗೇ ನೋಡಬಹುದು. ಮಾಕಿಗೂ ಸೂರ್ಯಕಾಂತಿ ಮಾಕಿಗೂ ಏನು ವ್ಯತ್ಯಾಸವೆಂದು ಅವರನ್ನೇ ಕೇಳಿ.